‘ರೇಡಿಯಂ’ ಅಕ್ಷರಗಳ ಆಯುಷ್ಯ

ಲಾರಿಯ ಮೇಲಿನ ಹೆಸರಿರಲಿ, ಕಿರಾಣಿ ಅಂಗಡಿಯ ಬೋರ್ಡಿರಲಿ, ಕತ್ತರಿಸಿ ಅಂಟಿಸುವ ಅಕ್ಷರಕ್ಕೆ ನಮ್ಮ ಕಡೆ ‘ರೇಡಿಯಂ’ ಎನ್ನುತ್ತಾರೆ. ಈ ಹಾಳೆಯಲ್ಲಿ ರೇಡಿಯಂ ಲವಲೇಶವೂ ಇಲ್ಲ. 1898ರಲ್ಲಿ ಕ್ಯೂರಿ ದಂಪತಿ ಕಂಡುಹಿಡಿದ ಆ ಧಾತುವನ್ನು ಒಂದು ಕಾಲಕ್ಕೆ ಗಡಿಯಾರದ ಮುಳ್ಳುಗಳು ಕತ್ತಲಲ್ಲಿ ಹೊಳೆಯಲೆಂದು ಬಳಿಯುತ್ತಿದ್ದರು. ಹೊಳೆಯುವ ಹಾಳೆಗೂ ಆ ಹೆಸರೇ ಬಂತು. ಹೊಳೆಯದ ಹಾಳೆಗೂ ಅದೇ ಉಳಿಯಿತು. ವಾಸ್ತವವಾಗಿ ಇದು ವಿನೈಲ್ ಎಂಬ ಪ್ಲಾಸ್ಟಿಕ್. ಗಡಸಾದ ಈ ವಸ್ತುವನ್ನು ಮೆದುಗೊಳಿಸುವ ವಿಧಾನವನ್ನು 1926ರಲ್ಲಿ ಅಮೆರಿಕದ ವಾಲ್ಡೊ ಸೆಮನ್ ಕಂಡುಕೊಂಡರು.

ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ್, ಚಿಂಚೋಳಿಗಳ ಈ ಸೀಮೆಗೆ ಬರಹ ಹೊಸತಲ್ಲ. ಚಿತ್ತಾಪುರ ತಾಲ್ಲೂಕಿನ ಸನ್ನತಿಯಲ್ಲಿ ಅಶೋಕನ ಶಾಸನವಿದೆ. ಸೇಡಂ ತಾಲ್ಲೂಕಿನ ಮಳಖೇಡ ರಾಷ್ಟ್ರಕೂಟರ ರಾಜಧಾನಿಯಾಗಿತ್ತು. ನಿಜಾಮರ ಕಾಲದಲ್ಲಿ ಆಡಳಿತ ಭಾಷೆ ಉರ್ದು. 1956ರ ನವೆಂಬರ್ 1ರಂದು ಈ ಪ್ರದೇಶ ಮೈಸೂರು ರಾಜ್ಯಕ್ಕೆ ಸೇರಿದಾಗ ಕಚೇರಿಗಳ ಭಾಷೆಯ ಜೊತೆಗೆ ಬೋರ್ಡುಗಳ ಭಾಷೆಯೂ ಬದಲಾಗಬೇಕಾಯಿತು. ಅಂದು ಅದು ಕುಂಚ ಹಿಡಿದ ಪೇಂಟರುಗಳ ಕೆಲಸ.

ಆಮೇಲೂ ಹೆಸರುಗಳು ಬದಲಾದವು. 2014ರಲ್ಲಿ ಗುಲ್ಬರ್ಗ ಕಲಬುರಗಿಯಾಯಿತು. 2019ರಲ್ಲಿ ಹೈದರಾಬಾದ್ ಕರ್ನಾಟಕ ಕಲ್ಯಾಣ ಕರ್ನಾಟಕವಾಯಿತು. 2021ರಲ್ಲಿ ಈಶಾನ್ಯ ಕರ್ನಾಟಕ ರಸ್ತೆ ಸಾರಿಗೆ ಸಂಸ್ಥೆಗೂ ಅದೇ ಹೆಸರು ಬಂತು. ಅಷ್ಟರಲ್ಲಿ ಕುಂಚದ ಜಾಗಕ್ಕೆ ಕಂಪ್ಯೂಟರ್ ಕಟಿಂಗ್ ಯಂತ್ರ ಬಂದಿತ್ತು.

ಈ ಯಂತ್ರ 1980ರ ದಶಕದಲ್ಲಿ ವಿದೇಶದಲ್ಲಿ ರೂಪುಗೊಂಡಿದ್ದು ಇಂಗ್ಲಿಷ್ ಅಕ್ಷರಗಳಿಗಾಗಿ. ಕನ್ನಡದಲ್ಲಿ ತಲೆಕಟ್ಟು, ಒತ್ತಕ್ಷರ, ಸೊನ್ನೆಗಳಿವೆ. ಹಲವೆಡೆ ಇವು ಬಿಡಿ ತುಂಡುಗಳಾಗಿ ಕತ್ತರಿಸಲ್ಪಡುತ್ತವೆ. ಅಂಟಿನ ಆಸರೆ ಕಡಿಮೆಯಿರುವುದರಿಂದ ಮೊದಲು ಉದುರುವುದೂ ಇವೇ. ‘ಸೇಡಂ’ನ ಸೊನ್ನೆ ಬಿದ್ದರೆ ‘ಸೇಡ’ ಉಳಿಯುತ್ತದೆ. ‘ಚಿತ್ತಾಪುರ’ದ ಒತ್ತು ಬಿದ್ದರೆ ‘ಚಿತಾಪುರ’!

ಆದ್ದರಿಂದ ಹಾಳೆಯ ಆಯ್ಕೆ ಮುಖ್ಯ. ಅಗ್ಗದ ಹಾಳೆಯನ್ನು ಬಿಸಿ ರೋಲರುಗಳ ನಡುವೆ ಎಳೆದು ತಯಾರಿಸುತ್ತಾರೆ. ಬಿಸಿಲು ತಾಗಿದಂತೆ ಅದು ಮೊದಲಿನ ಅಳತೆಗೆ ಕುಗ್ಗತೊಡಗುತ್ತದೆ, ಅಂಚು ಏಳುತ್ತದೆ. ಸಮತಟ್ಟಾದ, ತಾತ್ಕಾಲಿಕ ಬೋರ್ಡಿಗೆ ಅದು ಸಾಕು. ದ್ರವವಾಗಿ ಸುರಿದು, ಒಲೆಯಲ್ಲಿ ಒಣಗಿಸಿದ ‘ಕಾಸ್ಟ್’ ಹಾಳೆ ಸುಮಾರು 50 ಮೈಕ್ರಾನ್ ದಪ್ಪದ್ದು. ಅದರಲ್ಲಿ ಎಳೆತದ ಒತ್ತಡವಿಲ್ಲ. ಟ್ಯಾಂಕರಿನ ಉಬ್ಬುತಗ್ಗು, ರಿವೆಟ್ಟುಗಳ ಮೇಲೂ ಕೂರುತ್ತದೆ. ಬೆಲೆ ಮಾತ್ರ ಹೆಚ್ಚು.

ಸಿಮೆಂಟ್ ಕಾರ್ಖಾನೆ, ಕಲ್ಲುಗಣಿಗಳ ಈ ನಾಡಿನಲ್ಲಿ ದೂಳು ದೊಡ್ಡ ಶತ್ರು. ಅಂಟಿಸುವ ಮುನ್ನ ಮೈಯನ್ನು ತೊಳೆದು, ಸ್ಪಿರಿಟ್‌ನಿಂದ ಒರೆಸಿ, ಪೂರ್ತಿ ಒಣಗಿಸಬೇಕು. ಬೇಸಿಗೆಯಲ್ಲಿ 40 ಡಿಗ್ರಿ ದಾಟುವ ಬಿಸಿಲಿಗೆ ಕಾದ ತಗಡಿನ ಮೇಲೆ ಅಂಟು ಒಮ್ಮೆಲೇ ಹಿಡಿದು ಗುಳ್ಳೆ ಏಳುತ್ತದೆ. ಹಾಗಾಗಿ ಬೆಳಗಿನ ಹೊತ್ತು, ನೆರಳಿನಲ್ಲಿ ಅಂಟಿಸುವುದು ಲೇಸು. ಪ್ಲಾಸ್ಟಿಕ್ ಪಟ್ಟಿಯಿಂದ ನಡುವಿನಿಂದ ಅಂಚಿಗೆ ಒತ್ತಿ, ಒತ್ತಕ್ಷರಗಳನ್ನು ಮತ್ತೊಮ್ಮೆ ತಿಕ್ಕಬೇಕು.

ನಾಮಫಲಕದಲ್ಲಿ ಶೇ. 60 ಭಾಗ ಕನ್ನಡವಿರಬೇಕೆಂದು 2024ರ ಕಾಯ್ದೆ ತಿದ್ದುಪಡಿ ಹೇಳುತ್ತದೆ. ಉರ್ದುವಿನ ನೆರಳಿನಿಂದ ಹೊರಬಂದು ಏಳು ದಶಕವಾದ ಸೀಮೆಗೆ ಇದು ಬೆಲೆಯುಳ್ಳ ಮಾತು. ಆದರೆ ಬರೆಸಿದ ಕನ್ನಡ ಎರಡು ಬೇಸಿಗೆಗೇ ಒತ್ತು, ಸೊನ್ನೆ ಕಳೆದುಕೊಂಡು ನಿಂತರೆ ಏನು ಬಂತು? ಬೋರ್ಡು ಮಾಡಿಸುವವರು ದರ ಕೇಳುವ ಮೊದಲು, ಹಾಳೆ ಯಾವುದೆಂದು ಕೇಳುವುದು ಒಳ್ಳೆಯದು.