ಪುಕ್ಕಟೆ ನಾಟಕದ ಲೆಕ್ಕ

ಹೋದ ತಿಂಗಳು ಅಪ್ಪ, ಅಮ್ಮ, ಅಜ್ಜಿ ಬೆಂಗಳೂರಿಗೆ ಬಂದಿದ್ದರು. ಊರಿಂದ ಬಂದವರಿಗೆ ಒಂದು ಸಿನೆಮಾ ತೋರಿಸದೆ ಕಳಿಸೋದು ಹೇಗೆ ಅಂತ ಭಾನುವಾರ ಎಲ್ಲರನ್ನೂ ಮಾಲ್ ಒಂದಕ್ಕೆ ಕರೆದುಕೊಂಡು ಹೋದೆ. ಟಿಕೆಟ್ಟು, ಪಾಪ್‌ಕಾರ್ನು, ಪಾರ್ಕಿಂಗು... ಎಲ್ಲ ಸೇರಿ ಎರಡು ಸಾವಿರ ದಾಟಿತು. ಅದಕ್ಕಿಂತ ಬೇಜಾರಾಗಿದ್ದು ಬಾಗಿಲಲ್ಲಿ. ಅಮ್ಮ ಊರಲ್ಲಿ ಹುರಿದು ತಂದಿದ್ದ ಕಡ್ಲೆಬೀಜದ ಪೊಟ್ಟಣವನ್ನು ಸೆಕ್ಯೂರಿಟಿಯವನು ತೆಗೆದಿಟ್ಟುಕೊಂಡ. ಶಿರಾ ಸೀಮೆಯವರ ಕೈಯಿಂದ ಕಡ್ಲೆಬೀಜ ಕಿತ್ತುಕೊಳ್ಳೋದಾ? (ಕಾನೂನು ಅವನ ಕಡೆಗೇ ಇದೆ ಬಿಡಿ. ಹೊರಗಿನ ತಿಂಡಿ ಬೇಡ ಅನ್ನುವ ಹಕ್ಕು ಚಿತ್ರಮಂದಿರದವರಿಗಿದೆ, ಆದರೆ ಕುಡಿಯುವ ನೀರು ಪುಕ್ಕಟೆ ಕೊಡಬೇಕು ಅಂತ 2023ರ ಜನವರಿಯಲ್ಲಿ ಸುಪ್ರೀಂ ಕೋರ್ಟು ಹೇಳಿದೆ. ನೀರು ಕುಡಿದೆವು :-) )

ವಾಪಸ್ ಬರುವಾಗ ಕಾರಿನಲ್ಲಿ ಅಪ್ಪ, "ನಮ್ ಕಾಲ್ದಲ್ಲಿ ರಾತ್ರಿ ಪೂರ್ತಿ ನಾಟ್ಕ ನೋಡಿದ್ರೂ ಒಂದ್ ಪೈಸಾ ಖರ್ಚಿರ್ಲಿಲ್ಲ ಕಣಪ್ಪ" ಅಂದರು.

ಹಿಂದಿನ ಸೀಟಿನಿಂದ ಅಜ್ಜಿ, "ನಿಂಗಿರ್ಲಿಲ್ಲ. ನನ್ ಟಗರಿಗಿತ್ತು" ಅಂದಳು.

ಮನೆ ಬರೋವರೆಗೂ ಯಾರೂ ಮಾತಾಡಲಿಲ್ಲ.

ನಮ್ಮೂರು ಬುಕ್ಕಾಪಟ್ಟಣದ ಹತ್ತಿರದ ಒಂದು ಹಳ್ಳಿ. 2019ರಲ್ಲಿ ಚಿಂಕಾರ ವನ್ಯಜೀವಿಧಾಮ ಘೋಷಣೆ ಆದಮೇಲೆ ಬುಕ್ಕಾಪಟ್ಟಣದ ಹೆಸರು ಕೇಳಿದವರು ಕೆಲವರಾದರೂ ಸಿಗುತ್ತಾರೆ. ಉಳಿದಂತೆ ಕುರಿ, ಕಡ್ಲೆಕಾಯಿ, ಹುಣಸೆ, ನಾಲ್ಕು ವರ್ಷಕ್ಕೊಮ್ಮೆ ಬರ. ಇಂಥ ಊರಲ್ಲಿ ಸಂತೋಷಕ್ಕೆ ಅಂತ ದುಡ್ಡು ಎಲ್ಲಿಂದ ಬರುತ್ತಿತ್ತು? ಅಜ್ಜಿಯ ಮಾತಿನಿಂದ ತಲೆಗೆ ಹುಳ ಬಿಟ್ಟುಕೊಂಡ ಹಾಗಾಯ್ತು.

ನಿಜವಾಗಿ ಪುಕ್ಕಟೆ ಅನ್ನಬಹುದಾದದ್ದು ಅಂದರೆ ಚೌಕಾಬಾರ, ಅಳಗುಳಿಮನೆ, ಹುಲಿ-ಕುರಿ ಆಟ. ಜಗುಲಿಯ ಮೇಲೆ ಸೀಮೆಸುಣ್ಣದಲ್ಲಿ ಐದೈದು ಮನೆ ಬರೆದರೆ ಚೌಕಾಬಾರ ತಯಾರು. ಕವಡೆ ಇಲ್ಲದಿದ್ದರೆ ನಾಲ್ಕು ಹುಣಸೆಬೀಜವನ್ನು ಕಲ್ಲಿಗೆ ಉಜ್ಜಿ ಒಂದು ಮಗ್ಗುಲು ಬೆಳ್ಳಗೆ ಮಾಡಿಕೊಳ್ಳುವುದು. ನಾಲ್ಕೂ ಬೆಳ್ಳಗೆ ಬಿದ್ದರೆ ಚೌಕ, ನಾಲ್ಕೂ ಕಪ್ಪಗೆ ಬಿದ್ದರೆ ಬಾರ, ಅಂದರೆ ಎಂಟು. ಹುಣಸೆಹಣ್ಣು ಬಿಡಿಸುವ ಕೂಲಿ ಕೆಲಸದಲ್ಲಿ ಬೀಜಕ್ಕೇನು ಬರವೇ? ಇದೇ ಹುಚ್ಚು ಅರಮನೆಯಲ್ಲೂ ಇತ್ತು. ಮುಮ್ಮಡಿ ಕೃಷ್ಣರಾಜ ಒಡೆಯರ್ (1794-1868) ಹೊಸ ಹೊಸ ಮಣೆ ಆಟಗಳನ್ನು ಕಟ್ಟಿದವರು. ಅವರ ಶ್ರೀತತ್ತ್ವನಿಧಿಯ ಒಂಬತ್ತು ನಿಧಿಗಳಲ್ಲಿ ಕೌತುಕನಿಧಿ ಅನ್ನುವುದರಲ್ಲಿ ಆಟಗಳ ವಿವರ ಇದೆ. ದೊರೆಗೆ ದಂತದ ಕಾಯಿ, ನಮ್ಮಜ್ಜಿಗೆ ಹುಣಸೆಬೀಜ. ಆಟ ಹೆಚ್ಚುಕಮ್ಮಿ ಅದೇ.

ನಾಟಕದ ಕಥೆ ಬೇರೆ.

ನಮ್ಮ ಕಡೆ ಮೊದಲಿಂದ ಇದ್ದದ್ದು ಮೂಡಲಪಾಯ ಯಕ್ಷಗಾನ. ಜೀ. ಶಂ. ಪರಮಶಿವಯ್ಯನವರು ಇದರ ಬಗ್ಗೆ ಬಹಳ ಕೆಲಸ ಮಾಡಿದ್ದಾರೆ. ಬೇಸಾಯದ ಕೆಲಸ ಕಮ್ಮಿ ಇರುವ ದಿನಗಳಲ್ಲಿ ಊರಿನ ರೈತರೇ ಭಾಗವತರ ಹತ್ತಿರ ಕಲಿತು, ಮುಖವೀಣೆಯ ಜೊತೆ ರಾತ್ರಿಯಿಡೀ ಕುಣಿಯುತ್ತಿದ್ದರು. ಆಮೇಲೆ ಕಂಪನಿ ನಾಟಕ ಬಂತು. ಗುಬ್ಬಿ ಕಂಪನಿ ಹುಟ್ಟಿದ್ದು 1884ರಲ್ಲಿ, ನಮ್ಮದೇ ಜಿಲ್ಲೆಯಲ್ಲಿ. ವೀರಣ್ಣನವರು 1934ರಲ್ಲಿ ಕುರುಕ್ಷೇತ್ರ ಆಡಿಸಿದಾಗ ರಂಗದ ಮೇಲೆ ನಿಜವಾದ ಆನೆ ಕುದುರೆಗಳೇ ಬಂದಿದ್ದವು. ಅದಕ್ಕೆ ಟಿಕೆಟ್ ಇತ್ತು, ಇರಲೇಬೇಕು.

ನನಗೆ ಸೋಜಿಗ ಅನ್ನಿಸೋದು ಇಲ್ಲಿ. ಕಂಪನಿಯ ಪರದೆ, ಹಾರ್ಮೋನಿಯಂ, ಕಿರೀಟ ಎಲ್ಲವನ್ನೂ ಹಳ್ಳಿಯವರು ತೆಗೆದುಕೊಂಡರು, ಟಿಕೆಟ್ ಒಂದನ್ನು ಬಿಟ್ಟು! ನೋಡುವವನು ದುಡ್ಡು ಕೊಡುವ ಬದಲು ಪಾತ್ರ ಮಾಡುವವನೇ ಕೊಡುವುದು. ಇವತ್ತಿಗೂ ತುಮಕೂರು, ಮಂಡ್ಯ ಕಡೆ ಹೀಗೇ. ಒಬ್ಬ ನಾಟಕದ ಮೇಷ್ಟ್ರು ಬಂದು ತಿಂಗಳುಗಟ್ಟಲೆ ರಾತ್ರಿ ಹೊತ್ತು ಕಲಿಸುತ್ತಾರೆ. ಅವರ ಸಂಬಳ, ಸೀನರಿ ಮತ್ತು ಡ್ರೆಸ್ಸಿನ ಬಾಡಿಗೆ, ಮೈಕ್ ಸೆಟ್ಟು, ದ್ರೌಪದಿಗೆ ಹೊರಗಿನಿಂದ ಬರುವ ಕಲಾವಿದೆಯ ಹಣ, ಇಷ್ಟನ್ನೂ ಪಾತ್ರಗಳ ಮೇಲೆ ಹಂಚುತ್ತಾರೆ. ಕೃಷ್ಣ, ದುರ್ಯೋಧನ ದುಬಾರಿ. ಸೈನಿಕ ಅಗ್ಗ. ಟಿಕೆಟ್ ಇಲ್ಲದ್ದರಿಂದ 2017ರವರೆಗೆ ಜಾರಿಯಲ್ಲಿದ್ದ 1958ರ ಮನರಂಜನಾ ತೆರಿಗೆ ಕಾಯ್ದೆಯ ಕಾಟವೂ ಇರಲಿಲ್ಲ.

1992ರಲ್ಲಿ ಅಪ್ಪನಿಗೆ ಇಪ್ಪತ್ತೈದು ವರ್ಷ. ದುರ್ಯೋಧನನ ಮೇಲೆ ಕಣ್ಣಿತ್ತಂತೆ, ಕೈಗೆ ಎಟುಕಿದ್ದು ಕರ್ಣ. ಅದಕ್ಕಾಗಿ ಎರಡು ಟಗರು ಮಾರಿದರು. ಅಜ್ಜಿ ಸಾಕಿದ್ದ ಟಗರು. ಅಜ್ಜಿಯನ್ನು ಕೇಳಿರಲಿಲ್ಲ.

ಇಷ್ಟು ಗೊತ್ತಾದ ಮೇಲೆ ದೀಪಾವಳಿಗೆ ಊರಿಗೆ ಹೋದಾಗ ಅಟ್ಟದ ಮೇಲಿನ ಟ್ರಂಕು ಇಳಿಸಿದೆ. ಕರ್ಣನ ಮಾತುಗಳನ್ನು ಅಪ್ಪ ಬರೆದುಕೊಂಡಿದ್ದ ನೋಟುಬುಕ್ಕು ಸಿಕ್ಕಿತು. ಮುಂದಿನ ಅರ್ಧ ಸಂಭಾಷಣೆ, ಕಂದಪದ್ಯ. ಹಿಂದಿನಿಂದ ತಿರುಗಿಸಿದರೆ ಲೆಕ್ಕ. ಆ ರಾತ್ರಿ ಮುಯ್ಯಿ ಹಾಕಿದವರ ಪಟ್ಟಿ! ನೋಡದವರಿಗೆ ಹೇಳುತ್ತೇನೆ: ಪಾತ್ರಧಾರಿ ರಂಗದ ಮೇಲಿದ್ದಾಗಲೇ ನೆಂಟರು ಹತ್ತಿ ಬಂದು ಹಾರ ಹಾಕಿ, ನೋಟು ಸಿಕ್ಕಿಸಿ ಹೋಗುತ್ತಾರೆ. ಮೈಕಿನಲ್ಲಿ ಹೆಸರು, ಮೊತ್ತ ಕೂಗುತ್ತಾರೆ. ಕುರುಕ್ಷೇತ್ರ ಯುದ್ಧ ಅಷ್ಟು ಹೊತ್ತು ನಿಂತಿರುತ್ತದೆ. ಹನ್ನೊಂದು, ಇಪ್ಪತ್ತೊಂದು, ಐವತ್ತೊಂದು... ಅದು ಬಹುಮಾನ ಅಲ್ಲ ಸ್ವಾಮಿ, ಸಾಲ. ಅವರ ಮನೆಯವರು ಬಣ್ಣ ಹಚ್ಚಿದ ದಿನ, ಮದುವೆ ಮಾಡಿದ ದಿನ ತಿರುಗಿ ಹಾಕಬೇಕು. ಹಾಗೆ ತೀರಿಸಿದ ಒಂದೊಂದು ಹೆಸರಿನ ಮೇಲೂ ಅಪ್ಪ ಗೀಟು ಎಳೆದಿದ್ದಾರೆ. ಬೇರೆ ಬೇರೆ ಇಂಕು, ಬೇರೆ ಬೇರೆ ವರ್ಷ. ಚೀಟಿ ವ್ಯವಹಾರದ ಹಾಗೇ ನಾಟಕವೂ ಊರಿಂದ ಊರಿಗೆ ದುಡ್ಡು ತಿರುಗಿಸುತ್ತಿತ್ತು.

ಆ ಪಟ್ಟಿಯಲ್ಲಿ ಇಲ್ಲದ ಖರ್ಚು ಒಂದಿದೆ. ನಾಟಕಕ್ಕೆ ಬಂದ ನೆಂಟರ ಊಟ. "ಮೂರ್ ದಿನ ಮುದ್ದೆ ತೊಳ್ಸೀವ್ನಿ. ನಾಟ್ಕದ್ ದಿನ ಒಲೆ ಮುಂದ್ಲಿಂದ ಎದ್ದಿದ್ರೆ ತಾನೆ ಕರ್ಣನ್ ಮಖ ನೋಡಾದು?" ಅಂದಳು ಅಜ್ಜಿ. ಮೂವತ್ತು ವರ್ಷದ ಮೇಲಾದರೂ ಆ ಸಿಟ್ಟು ಆರಿಲ್ಲ. ಅಪ್ಪ ಅಂಗಳಕ್ಕೆ ಎದ್ದು ಹೋದರು.

ಹಾಗಾದರೆ ಅಜ್ಜಿಗೆ ಇಷ್ಟ ಆಗಿದ್ದೇನು? ಟೆಂಟ್ ಸಿನೆಮಾ! ದಕ್ಷಿಣದಲ್ಲಿ ಇದನ್ನು ಶುರು ಮಾಡಿದವರು ತಿರುಚಿನಾಪಳ್ಳಿಯ ರೈಲ್ವೆ ನೌಕರ ಸ್ವಾಮಿಕಣ್ಣು ವಿನ್ಸೆಂಟ್, 1905ರಲ್ಲಿ. ನಮ್ಮ ಕಡೆ ಸುಗ್ಗಿ ಮುಗಿದ ಮೇಲೆ ಡೇರೆ ಬೀಳುತ್ತಿತ್ತಂತೆ. ನೆಲ, ಬೆಂಚು, ಕುರ್ಚಿ ಅಂತ ಮೂರು ದರ. ಘಂಟಸಾಲ ಹಾಡಿದ ವೆಂಕಟೇಶನ ಹಾಡು ಹಾಕಿದರೆ ಆಟ ಶುರು ಅಂತ ಅರ್ಥ. ಹಾಡು ಕೇಳಿದ್ದೇ ಹೆಂಗಸರು ಮಕ್ಕಳು ಓಡುತ್ತಿದ್ದರು. ಮರಳು ಗುಡ್ಡೆ ಮಾಡಿಕೊಂಡು, ಸೆರಗಿನಲ್ಲಿ ಕಟ್ಟಿಕೊಂಡು ಬಂದ ಕಡ್ಲೆಕಾಯಿ ಸುಲಿಯುತ್ತಾ ಕೂರುವುದು. ಯಾರೂ ಕಿತ್ತುಕೊಳ್ಳುತ್ತಿರಲಿಲ್ಲ.

"ಚಿಲ್ರೆ ಕೊಟ್ವಿ, ನೋಡಿದ್ವಿ, ಬಂದ್ವಿ. ನೆಂಟ್ರಿಲ್ಲ, ಮುಯ್ಯಿಲ್ಲ" ಅನ್ನುತ್ತಾಳೆ. ಪುಕ್ಕಟೆ ನಾಟಕಕ್ಕಿಂತ ದುಡ್ಡು ಕೊಟ್ಟು ನೋಡುವ ಸಿನೆಮಾ ಅವಳಿಗೆ ಅಗ್ಗವಾಗಿತ್ತು. ನಾನು ಇಷ್ಟು ದಿನ ಇದನ್ನು ತಲೆಕೆಳಗಾಗಿ ತಿಳಿದುಕೊಂಡಿದ್ದೆ. ಈಗಿನ ದರದಲ್ಲಿ ಅವಳ ಲೆಕ್ಕ ನಿಲ್ಲುತ್ತದಾ ಅನ್ನೋದು ಬೇರೆ ಪ್ರಶ್ನೆ. 2025ರ ಸೆಪ್ಟೆಂಬರಿನಲ್ಲಿ ಸರ್ಕಾರ ಟಿಕೆಟ್ಟಿಗೆ 200 ರೂಪಾಯಿ ಮಿತಿ ಹಾಕಿತು, ಅದೇ ತಿಂಗಳು 23ಕ್ಕೆ ಹೈಕೋರ್ಟು ಮಧ್ಯಂತರ ತಡೆ ಕೊಟ್ಟಿತು.

ನೋಟುಬುಕ್ಕಿನ ಪಟ್ಟಿಯಲ್ಲಿ ಗೀಟು ಬೀಳದ ಹೆಸರು ಒಂದೇ ಉಳಿದಿದೆ. ಐವತ್ತೊಂದು ರೂಪಾಯಿ. ಆ ಯಜಮಾನರು ಈಗಿಲ್ಲ. ಅವರ ಮೊಮ್ಮಗ ಈ ಬೇಸಿಗೆಯಲ್ಲಿ ಅಭಿಮನ್ಯು ಮಾಡುತ್ತಾನಂತೆ. 1992ರ ಐವತ್ತೊಂದಕ್ಕೆ ಈಗ ಎಷ್ಟು ಹಾಕಬೇಕು ಅಂತ ಅಪ್ಪ ಕೇಳಿದರು. ನಾನು ಲ್ಯಾಪ್‌ಟಾಪ್ ತೆಗೆದು ಎಕ್ಸೆಲ್‌ನಲ್ಲಿ ಬೆಲೆ ಏರಿಕೆ ಲೆಕ್ಕ ಹಾಕಲು ಕೂತೆ. ಅಜ್ಜಿ ಬಂದು ಇಣುಕಿ ನೋಡಿ, "ಐನೂರ ಒಂದ್ ಹಾಕ್ರಲಾ ಸಾಕು. ಈ ಸಲ ನಾನೂ ಬತ್ತೀನಿ ನೋಡಕ್ಕೆ, ಅಡಿಗೆ ಅವ್ರ್ ಮನೇದು" ಅಂದಳು.