ಪ್ರತಿಭೆ ಯಾರ ಮನೆ ಸೊತ್ತು?

ನಮ್ಮ ಮದ್ದೂರು, ಮಳವಳ್ಳಿಯ ಕೇರಿ ಮಕ್ಕಳು ಡಾಕ್ಟರಿಕೆ ಓದಲು ಬಹುಕಾಲ ಮೈಸೂರಿಗೋ ಬೆಂಗಳೂರಿಗೋ ಹೋಗಬೇಕಿತ್ತು. ಮಂಡ್ಯದಲ್ಲಿ ಸರ್ಕಾರಿ ವೈದ್ಯಕೀಯ ಕಾಲೇಜು ಶುರುವಾದದ್ದೇ 2006ರಲ್ಲಿ. ಸೀಟಿನ ಜಗಳ ಮಾತ್ರ ಹಳೆಯದು.

1962ರಲ್ಲಿ ಮೈಸೂರು ಸರ್ಕಾರ ವೈದ್ಯಕೀಯ, ಇಂಜಿನಿಯರಿಂಗ್ ಸೀಟುಗಳಲ್ಲಿ ಶೇ. 68 ಮೀಸಲಿಟ್ಟಿತು: ಹಿಂದುಳಿದವರಿಗೆ 50, ಪರಿಶಿಷ್ಟ ಜಾತಿಗೆ 15, ಪರಿಶಿಷ್ಟ ವರ್ಗಕ್ಕೆ 3. ಬಾಲಾಜಿ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟು ಅದನ್ನು ರದ್ದು ಮಾಡಿ, ಮೀಸಲಾತಿ ಶೇ. 50ರ ಒಳಗಿರಲಿ ಎಂದಿತು. ಪ್ರತಿಭೆ ಹಾಳಾಯ್ತು ಅನ್ನೋ ಕೂಗು ಇಂದಿಗೂ ನಿಂತಿಲ್ಲ.

1989ರಲ್ಲಿ, ಕ್ಯಾಪಿಟೇಷನ್ ನಿಷೇಧಿಸುವ ಕಾಯ್ದೆಯ ಅಡಿಯಲ್ಲೇ, ಖಾಸಗಿ ವೈದ್ಯಕೀಯ ಕಾಲೇಜುಗಳಿಗೆ ಸರ್ಕಾರ ದರ ಬರೆದುಕೊಟ್ಟಿತು: ಸರ್ಕಾರಿ ಸೀಟಿಗೆ ವರ್ಷಕ್ಕೆ 2,000 ರೂಪಾಯಿ, ಉಳಿದ ಸೀಟಿಗೆ ರಾಜ್ಯದವರಿಗೆ 25,000, ಹೊರಗಿನವರಿಗೆ 60,000. ಸುಪ್ರೀಂ ಕೋರ್ಟು ಇದನ್ನು ತಪ್ಪೆಂದದ್ದು 1992ರಲ್ಲಿ. ದುಡ್ಡಿಗಿದ್ದ ಈ ಮೀಸಲಾತಿಗೆ ಪ್ರತಿಭೆಯ ಕೂಗು ಯಾಕೆ ಏಳಲಿಲ್ಲ?

ನಾವು ಕೇಳೋದಿಷ್ಟೆ: ನಾಲೆಯ ಕೊನೆ ಗದ್ದೆಗೆ ನೀರು ಬಿಡದೆ, ಪೈರು ಒಣಗಿತೆಂದು ರೈತನನ್ನು ಬೈಯೋದು ಯಾವ ನ್ಯಾಯ?