ಗಿರಣಿಯೂರಿನ ಖಾನಾವಳಿಗಳು

'ಖಾನಾವಳಿ' ಎಂಬ ಶಬ್ದವು ಉತ್ತರ ಕರ್ನಾಟಕದ ವಾಚಕರಿಗೆ ಹೊಸತಲ್ಲ. ಹುಬ್ಬಳ್ಳಿ, ಧಾರವಾಡ, ವಿಜಯಪುರಗಳ ಪೇಟೆಯಲ್ಲಿ 'ಲಿಂಗಾಯತ ಖಾನಾವಳಿ' ಎಂಬ ಫಲಕವನ್ನು ಕಂಡು ಒಳಹೊಕ್ಕು, ಜೋಳದ ರೊಟ್ಟಿ, ಎಣಗಾಯಿ, ಶೇಂಗಾ ಹಿಂಡಿ, ಮೊಸರುಗಳಿಂದ ತೃಪ್ತರಾಗಿ ಎದ್ದವರು ತಮ್ಮಲ್ಲಿ ಅನೇಕರಿರಬೇಕು. ಈ ಶಬ್ದವು ಮರಾಠಿಯ 'ಖಾಣಾವಳ'ದ ಒಡಹುಟ್ಟು. ಬೆಳಗಾವಿ, ಧಾರವಾಡ, ವಿಜಾಪುರ, ಕಾರವಾರ ಜಿಲ್ಲೆಗಳು 1956ರ ನವೆಂಬರ್ 1ರವರೆಗೆ ಮುಂಬಯಿ ಆಡಳಿತಕ್ಕೆ ಸೇರಿದ್ದುವಾದುದರಿಂದ, ಕಚೇರಿಯ ಮತ್ತು ಪೇಟೆಯ ಎಷ್ಟೋ ಶಬ್ದಗಳು ಎರಡೂ ಭಾಷೆಗಳಿಗೆ ಸಮಾನವಾಗಿ ಉಳಿದುಬಂದಿವೆ. ಆ ಶಬ್ದದ ಹಿಂದೆ ದುಡಿಮೆಯ ಒಂದು ದೊಡ್ಡ ಇತಿಹಾಸವೇ ಅಡಗಿದೆ. ಅದನ್ನು ತಿಳಿಯಬೇಕಾದರೆ ನಾವು ಮುಂಬಯಿಯ ಗಿರಣಿಗಳ ಬಾಗಿಲಿಗೆ ಹೋಗಬೇಕು.

ಮುಂಬಯಿಯಲ್ಲಿ ಮೊದಲ ಹತ್ತಿ ಗಿರಣಿಯ ಕಂಪನಿಯು ಕಾವಸಜಿ ದಾವರರ ಪ್ರಯತ್ನದಿಂದ 1854ರಲ್ಲಿ ಸ್ಥಾಪಿತವಾಯಿತು. ಮುಂದಿನ ಅರ್ಧ ಶತಮಾನದಲ್ಲಿ ಪರಳ, ಲಾಲಬಾಗ, ವರಳಿ ಪ್ರದೇಶಗಳೆಲ್ಲ ಹೊಗೆಕೊಳವೆಗಳಿಂದ ತುಂಬಿ 'ಗಿರಣಗಾಂವ', ಎಂದರೆ ಗಿರಣಿಯೂರು ಎನಿಸಿಕೊಂಡವು. ರತ್ನಾಗಿರಿ, ಸಾತಾರಾ, ಕೊಲ್ಹಾಪುರಗಳಿಂದ ಗಂಡಸರು ಸಾವಿರಾರು ಸಂಖ್ಯೆಯಲ್ಲಿ ಬಂದರು. ಹೆಂಡಿರು ಮಕ್ಕಳು ಹೊಲವನ್ನು ನೋಡಿಕೊಂಡು ಊರಿನಲ್ಲಿಯೇ ಉಳಿದರು. ಹತ್ತಡಿ ಅಗಲದ ಒಂದು ಖೋಲಿಯನ್ನು ಹತ್ತಾರು ಜನರು ಹಂಚಿಕೊಂಡು, ಹಗಲು ಪಾಳಿಯವನು ಎದ್ದ ಹಾಸಿಗೆಯಲ್ಲಿ ರಾತ್ರಿ ಪಾಳಿಯವನು ಮಲಗುತ್ತಿದ್ದ ಕಾಲವದು. ಮಲಗಲು ಇಷ್ಟು ಜಾಗ ದೊರೆತರೂ ಒಲೆ ಹೂಡಲು ಅವರಿಗೆ ಸ್ಥಳವೆಲ್ಲಿ, ಬಿಡುವೆಲ್ಲಿ?

ಈ ಕೊರತೆಯನ್ನು ತುಂಬಿದವರು ಅದೇ ಚಾಳಗಳಲ್ಲಿದ್ದ ಹೆಣ್ಣುಮಕ್ಕಳು. ಗಂಡ ತೀರಿಕೊಂಡವಳು, ಗಂಡ ಯಂತ್ರಕ್ಕೆ ಕೈಕೊಟ್ಟು ಮೂಲೆಗೆ ಕುಳಿತವಳು, ಒಬ್ಬನ ಪಗಾರದಲ್ಲಿ ಮನೆ ಸಾಗಿಸಲಾರದವಳು, ಹೀಗೆ ಬಂದವರೇ ಹೆಚ್ಚು. ತನ್ನ ಮನೆಯ ಒಲೆಯ ಮೇಲೆಯೇ ಇನ್ನು ನಾಲ್ಕು ಭಾಕ್ರಿ ಬೇಯಿಸುವುದರಿಂದ ಆರಂಭವಾದ ಈ ಉದ್ಯೋಗ ಕ್ರಮೇಣ ಹತ್ತು, ಇಪ್ಪತ್ತು ಜನರ ಊಟಕ್ಕೆ ಬೆಳೆಯುತ್ತಿತ್ತು. ಬೆಳಗಿನ ಪಾಳಿಯ ಭೋಂಗಾ ಕೂಗುವುದಕ್ಕೆ ಮೊದಲೇ ಡಬ್ಬಿ ಸಿದ್ಧವಾಗಬೇಕು. ಮಧ್ಯಾಹ್ನದ ಪಾಳಿಯವರಿಗೆ ಇನ್ನೊಮ್ಮೆ, ರಾತ್ರಿಯವರಿಗೆ ಮತ್ತೊಮ್ಮೆ. ಅಂಗಡಿ ಇಲ್ಲ, ಫಲಕವಿಲ್ಲ, ಜಾಹೀರಾತಿಲ್ಲ. ಒಂದು ಊರಿನವನು ಉಂಡು ಒಪ್ಪಿದರೆ ಅದೇ ಊರಿನ ಮತ್ತೊಬ್ಬನನ್ನು ಕರೆತರುತ್ತಿದ್ದನು. ಕೊಂಕಣದವನಿಗೆ ಅನ್ನ ಮೀನು ಬೇಕು, ಘಟ್ಟದ ಮೇಲಿನವನಿಗೆ ಜೋಳದ ಇಲ್ಲವೆ ಸಜ್ಜೆಯ ಭಾಕ್ರಿ ಬೇಕು. ಯಾರಿಗೆ ಯಾವುದು ಸೇರುವುದು, ಯಾರ ಹೊಟ್ಟೆ ಕೆಟ್ಟಿದೆ ಎಂಬುದನ್ನು ಆಕೆ ಬಲ್ಲಳು. ಗಿರಾಕಿಯು ಮನೆಯವನಂತಾಗುತ್ತಿದ್ದನು; ಆಕೆ 'ಮಾವಶಿ' ಆಗುತ್ತಿದ್ದಳು. ದೊಡ್ಡ ಹೋಟೆಲುಗಳಿಗೆ ಸಾಧ್ಯವಾಗದ ಈ ಪರಿಚಯವೇ ಆಕೆಯ ಬಂಡವಾಳ.

ಊಟದ ಲೆಕ್ಕ ತಿಂಗಳಿಗೊಮ್ಮೆ. ಪಗಾರದ ದಿನ ಬರುವವರೆಗೆ ಉಣ್ಣುವವನು ಸಾಲಗಾರ, ಉಣಿಸುವವಳು ಸಾಹುಕಾರಳು! ಆದರೆ ಆ ಸಾಹುಕಾರಳ ಕೈಯಲ್ಲಿ ರೊಕ್ಕವಿಲ್ಲ. ಅಕ್ಕಿ, ಬೇಳೆ, ಎಣ್ಣೆಗಳನ್ನು ಆಕೆ ಕಿರಾಣಿ ಅಂಗಡಿಯಿಂದ ಉದ್ದರಿ ತರಬೇಕು. ಅಂಗಡಿಯವನು ಹೇಳಿದ್ದೇ ಬೆಲೆ, ಕೊಟ್ಟದ್ದೇ ಕಾಳು. ಅಡಚಣೆಯಾದರೆ ತಾಮ್ರದ ಹಂಡೆಯನ್ನೋ ಕೊರಳಿನ ಸರವನ್ನೋ ಒತ್ತೆಯಿಟ್ಟು ದುಬಾರಿ ಬಡ್ಡಿಗೆ ಸಾಲ ತೆಗೆಯಬೇಕು. 1928ರಲ್ಲಿ ಏಪ್ರಿಲ್ ತಿಂಗಳಿಂದ ಅಕ್ಟೋಬರದವರೆಗೆ ಸುಮಾರು 1,50,000 ಕಾರ್ಮಿಕರು ಮುಷ್ಕರ ಹೂಡಿದರು. ಆರು ತಿಂಗಳು ಪಗಾರವಿಲ್ಲದೆ ಅಷ್ಟು ಜನರು ಬದುಕಿದ್ದು ಹೇಗೆ? ಅನೇಕರು ಊರಿಗೆ ಹೋದರು, ನಿಜ. ಉಳಿದವರ ಪಾಲಿಗೆ ಉದ್ದರಿಯೇ ಆಧಾರವಾಗಿತ್ತು. ಕಾರ್ಮಿಕ ಚಳವಳಿಯ ಇತಿಹಾಸವನ್ನು ಬರೆಯುವವರು ಮುಖಂಡರ ಭಾಷಣಗಳನ್ನು ವಿವರವಾಗಿ ಕೊಡುವರು. ಭಾಷಣ ಕೇಳಲು ಬಂದವರು ಉಂಡು ಬಂದಿದ್ದರೆ ಎಲ್ಲಿ ಉಂಡು ಬಂದಿದ್ದರು ಎಂಬುದನ್ನು ಬರೆಯುವವರು ವಿರಳ.

ಇಲ್ಲಿ ನಮ್ಮ ವಾಚಕರಿಗೆ ಒಂದು ಮಾತು ಸಹಜವಾಗಿ ತೋರಬಹುದು: ಇದು ದಾಸೋಹವೇ ಅಲ್ಲವೆ? ಮಠದ ಪ್ರಸಾದನಿಲಯಗಳಲ್ಲಿ ಉಂಡು ಓದಿದವರಿಗೆ ಹಾಗೆನಿಸುವುದು ಸ್ವಾಭಾವಿಕ. ಆದರೂ ಅದನ್ನು ಒಪ್ಪಲು ನನ್ನ ಮನಸ್ಸು ಹಿಂಜರಿಯುತ್ತದೆ. ಮಠದ ದಾಸೋಹದ ಹಿಂದೆ ಭಕ್ತರ ಕಣಜಗಳಿರುತ್ತವೆ. ಒಬ್ಬ ವಿಧವೆಯ ಒಲೆಯ ಹಿಂದೆ ಆಕೆಯ ಎರಡು ತೋಳುಗಳ ಹೊರತು ಬೇರೇನೂ ಇರಲಿಲ್ಲ. ಆಕೆ ಮಾಡಿದ್ದು ಕಾಯಕ. ಕಾಯಕಕ್ಕೆ ತಕ್ಕ ಪ್ರತಿಫಲ ಸಲ್ಲಲೇಬೇಕು. ಕೊಟ್ಟಣ ಕುಟ್ಟಿ ಬದುಕಿದ ಸೋಮಮ್ಮನೂ ಶರಣೆಯೇ. ಆಯ್ದಕ್ಕಿ ಲಕ್ಕಮ್ಮನು ಪತಿ ಮಾರಯ್ಯನು ಅಗತ್ಯಕ್ಕಿಂತ ಹೆಚ್ಚು ತಂದ ಅಕ್ಕಿಯನ್ನು ತಿರುಗಿ ಚೆಲ್ಲಿಸಿದ ಕಥೆ ತಮಗೆಲ್ಲ ತಿಳಿದದ್ದೇ. ಆ ಕಥೆಯಲ್ಲಿ ಅತಿಯಾದುದನ್ನು ಬೇಡವೆನ್ನುವ ನಿಷ್ಠುರತೆ ಇದೆಯಲ್ಲದೆ, ನ್ಯಾಯವಾಗಿ ಬರಬೇಕಾದುದನ್ನು ಬಿಟ್ಟುಕೊಡಬೇಕೆಂಬ ಉಪದೇಶವಿಲ್ಲ. ಹೆಣ್ಣಿನ ಅಡಿಗೆಯನ್ನು 'ಸೇವೆ' ಎಂದು ಹೊಗಳಿ ಲೆಕ್ಕವನ್ನು ಮರೆಸುವ ಅಭ್ಯಾಸ ನಮ್ಮ ಸಮಾಜದಲ್ಲಿ ಹಳೆಯದು.

ಇದನ್ನು ಸರಿಯಾಗಿ ಗುರುತಿಸಿದವರು ಗೋವಾ ವಿಮೋಚನಾ ಚಳವಳಿಯಲ್ಲಿ ಭಾಗವಹಿಸಿ, ಬಳಿಕ ಮುಂಬಯಿಯ ಕಾರ್ಮಿಕರ ನಡುವೆ ದುಡಿದ ಪ್ರೇಮಾ ಪುರವ ಅವರು. 1970ರ ದಶಕದ ಮೊದಲ ವರ್ಷಗಳ ಗಿರಣಿ ಮುಷ್ಕರದ ಸಂದರ್ಭದಲ್ಲಿ, ಪಗಾರ ನಿಂತ ಗಂಡಸರಿಗೆ ಊಟ ನಿಲ್ಲಿಸದೆ ಈ ಹೆಣ್ಣುಮಕ್ಕಳು ಸಾಲದಲ್ಲಿ ಮುಳುಗುತ್ತಿರುವುದನ್ನು ಅವರು ಕಂಡರು. ಅವರು ಬೋಧನೆಗೆ ಹೊರಡಲಿಲ್ಲ. ಸಾಲದ ಮೂಲಕ್ಕೇ ಕೈಹಾಕಿದರು. 1969ರಲ್ಲಿ 14 ಬ್ಯಾಂಕುಗಳು ರಾಷ್ಟ್ರೀಕೃತವಾಗಿದ್ದವು. 1972ರಲ್ಲಿ ಬಡವರಿಗೆ ವರ್ಷಕ್ಕೆ ನೂರಕ್ಕೆ 4ರ ಬಡ್ಡಿಯಲ್ಲಿ ಸಾಲ ಕೊಡುವ ಯೋಜನೆಯೂ ಬಂದಿತ್ತು. ಆದರೆ ಬ್ಯಾಂಕು ಕೇಳುವ ಜಾಮೀನು ಇವರಲ್ಲಿರಲಿಲ್ಲ. ಅನೇಕರಿಗೆ ಸಹಿ ಮಾಡಲೂ ಬಾರದು. 1975ರಲ್ಲಿ ಸ್ಥಾಪಿತವಾದ ಅನ್ನಪೂರ್ಣಾ ಮಹಿಳಾ ಮಂಡಳವು ಇದಕ್ಕೆ ಕಂಡುಕೊಂಡ ಉಪಾಯ ಸರಳವಾದುದು. ಒಂದೇ ಓಣಿಯ ಹೆಣ್ಣುಮಕ್ಕಳು ಗುಂಪಾಗಿ ಒಬ್ಬರಿಗೊಬ್ಬರು ಹೊಣೆಯಾಗುವುದು. ಮೊದಲಿಗೆ 14 ಜನರಿಗೆ ತಲಾ 1,500 ರೂಪಾಯಿ ಸಾಲ ದೊರೆಯಿತು.

ಆ ಹಣದ ಮಹತ್ವವನ್ನು ತಾವು ಗಮನಿಸಬೇಕು. ಕೈಯಲ್ಲಿ ರೊಕ್ಕವಿದ್ದವಳು ಸಗಟು ಪೇಟೆಗೆ ಹೋಗಿ ಕಾಳನ್ನು ಮುಟ್ಟಿ, ಮೂಸಿ, ಚೌಕಾಸಿ ಮಾಡಿ ಕೊಳ್ಳಬಲ್ಲಳು. ಹಿಂದೆ ಅಂಗಡಿಯವನ ತಕ್ಕಡಿಯಲ್ಲಿ ಸೋರುತ್ತಿದ್ದ ಲಾಭ ಈಗ ಆಕೆಯ ಮನೆಗೆ ಬಂದಿತು. ಅದರಿಂದ ದೊಡ್ಡ ಪಾತ್ರೆ, ನಾಲ್ಕು ಡಬ್ಬಿ, ಮತ್ತೆ ನಾಲ್ಕು ಗಿರಾಕಿಗಳು. ಒಬ್ಬಳು ಕಂತು ತಪ್ಪಿಸಿದರೆ ಗುಂಪಿನ ಉಳಿದವರು ಆಕೆಯ ಬಾಗಿಲಿಗೆ ಹೋಗಿ ಕೇಳುತ್ತಿದ್ದರು. ಕಾಯಿಲೆಯಾಗಿದ್ದರೆ ಒಲೆಯನ್ನೂ ನೋಡಿಕೊಳ್ಳುತ್ತಿದ್ದರು. ಬ್ಯಾಂಕಿನ ಕಾಗದಗಳಿಗೆ ಸಾಧ್ಯವಾಗದುದನ್ನು ಓಣಿಯ ನಂಟು ಸಾಧಿಸಿತು. ಮಂಡಳದ ಸದಸ್ಯೆಯರ ಸಂಖ್ಯೆ ಸಾವಿರಗಳಿಗೆ ಏರಿತು.

ಇಷ್ಟರಲ್ಲಿಯೇ ಗಿರಣಿಯೂರಿಗೆ ಗ್ರಹಣ ಹಿಡಿಯಿತು. 1982ರ ಜನವರಿ 18ರಂದು ದತ್ತಾ ಸಾಮಂತರ ನೇತೃತ್ವದಲ್ಲಿ ಆರಂಭವಾದ ಮುಷ್ಕರದಲ್ಲಿ 2,50,000ದಷ್ಟು ಕಾರ್ಮಿಕರು ತೊಡಗಿದರು. ಅದು ವಿಧಿವತ್ತಾಗಿ ಮುಗಿಯಲೇ ಇಲ್ಲ. ಅನೇಕ ಗಿರಣಿಗಳು ಮತ್ತೆ ತೆರೆಯಲಿಲ್ಲ. ಹಳೆಯ ಲೆಕ್ಕ ತೀರಿಸದೆ ಊರಿಗೆ ಹೋದವರನ್ನು ದೂರುವುದಾದರೂ ಹೇಗೆ? ಉಣಿಸಿದವಳ ಪುಸ್ತಕದಲ್ಲಿ ಆ ಬಾಕಿ ಹಾಗೆಯೇ ಉಳಿಯಿತು. ಗಿರಾಕಿಯೊಡನೆ ನಂಟು ಎಷ್ಟೇ ಗಟ್ಟಿಯಾಗಿರಲಿ, ಗಿರಾಕಿಗಳೆಲ್ಲ ಒಂದೇ ಗಿರಣಿಯನ್ನು ನಂಬಿದ್ದರೆ ಒಲೆಯೂ ಆ ಗಿರಣಿಯೊಡನೆ ಆರುವುದು. ಸಾವಿರಾರು ಒಲೆಗಳು ಹೀಗೆ ಆರಿದವು.

ಆರದೆ ಉಳಿದವು ಒಟ್ಟಾಗಿ ನಿಂತ ಒಲೆಗಳು. ಮಂಡಳವು ಗಿರಣಿಯ ಬಾಗಿಲನ್ನು ಬಿಟ್ಟು ಕಚೇರಿಗಳ ಕಡೆಗೆ ತಿರುಗಿತು. ಒಬ್ಬೊಬ್ಬಳ ಖೋಲಿಯಲ್ಲಿ ಆಗುತ್ತಿದ್ದ ಅಡಿಗೆ ದೊಡ್ಡ ಅಡಿಗೆಮನೆಗೆ ಬಂದಿತು. ಕಚೇರಿಗಳ ಮಧ್ಯಾಹ್ನದ ಊಟ, ಉಪಾಹಾರಗೃಹದ ಗುತ್ತಿಗೆ, ಸಮಾರಂಭಗಳ ಅಡಿಗೆಗಳನ್ನು ಅದೇ ಕೈಗಳು ವಹಿಸಿಕೊಂಡವು. ಪ್ರೇಮಾ ಪುರವ ಅವರಿಗೆ 2002ರಲ್ಲಿ ಪದ್ಮಶ್ರೀ ದೊರೆಯಿತು. ನಮ್ಮ ಕಡೆಯಲ್ಲಿಯೂ ಇಂದು ಹುಬ್ಬಳ್ಳಿ, ಕಲಬುರಗಿ, ವಿಜಯಪುರಗಳ ಓಣಿಗಳಲ್ಲಿ ಕಡಕ್ ರೊಟ್ಟಿ ಬಡಿದು ಮಾರುವ ಹೆಣ್ಣುಮಕ್ಕಳ ಗುಂಪುಗಳು ಹುಟ್ಟಿಕೊಂಡಿವೆ. ಜಾತ್ರೆಗೆ, ಮದುವೆಗೆ ಸಾವಿರ ಸಾವಿರ ರೊಟ್ಟಿಯ ಬೇಡಿಕೆ ಬಂದಾಗ ಜೋಳ ಕೊಳ್ಳಲು ಅವರು ಮೊದಲು ಕೇಳುವುದು ಅರ್ಧ ಹಣವನ್ನು ಮುಂಗಡವಾಗಿ.